ಏರಿನಲ್ಲಿ ಎಳೆಯದ ಕಾರು

ಗ್ಯಾರೇಜಿನ ಗೋಡೆಯಿಂದ ಎರಡೇ ಅಡಿ ದೂರಕ್ಕೆ ಡೀಸೆಲ್ ಕಾರು ತಂದು ನಿಲ್ಲಿಸಿದವನು, ಮೆಕ್ಯಾನಿಕ್‌ನ ಕಪಾಳಕ್ಕೆ ಬಾರಿಸಿಯೇ ಮಾತು ಶುರು ಮಾಡಿದ.

"ನಿನ್ನೆ ನಿನ್ನ ತಮ್ಮನ ತಿಥಿ ಊಟಕ್ಕೆ ಬಂದು ಹೋದಾಗಿಂದ ಗಾಡಿ ಏರಲ್ಲಿ ಎಳೀತಿಲ್ಲ. ಗಡಗಡ ನಡುಗುತ್ತೆ, ಕಪ್ಪು ಹೊಗೆ ಬೇರೆ. ಈಗಲೇ ಸರಿ ಮಾಡು. ಅವನನ್ನ ಕೊಚ್ಚಿದ ಮಚ್ಚು ಇನ್ನೂ ಡಿಕ್ಕೀಲೇ ಇದೆ."

ಮೆಕ್ಯಾನಿಕ್ ತುಟಿಯ ರಕ್ತ ಒರೆಸಿಕೊಂಡು ಬಾನೆಟ್ ಎತ್ತಿದ.

"ಟರ್ಬೋ ಪೈಪ್ ಗಾಳಿ ಬಿಡ್ತಿರ್ಬೇಕು ಅಣ್ಣಾ. ಸುಮ್ನೆ ನಿಂತಾಗ ಗೊತ್ತಾಗಲ್ಲ, ರೇಸ್ ಕೊಟ್ರೇನೇ ಬಾಯಿ ಬಿಡೋದು. ನಾನು ಒಳಗೆ ಕೂತು ರೇಸ್ ಕೊಡ್ತೀನಿ. ನೀವು ಮುಂದೆ ನಿಂತು ಪೈಪಿನ ಅಡಿಗೆ ಕೈಯಿಟ್ಟು ನೋಡಿ."

ಅವನು ಗೋಡೆಗೂ ಬಂಪರಿಗೂ ನಡುವೆ ನುಗ್ಗಿ ಬಗ್ಗಿದ. ಎಂಜಿನ್ ಅಬ್ಬರಿಸಿತು. ಬುಸ್ಸೆಂದು ಬಿಸಿಗಾಳಿ ಅಂಗೈಗೆ ಹೊಡೆಯಿತು. ಪೈಪಿನ ಸೀಳನ್ನು ಬೆರಳಲ್ಲಿ ಸವರಿದವನೇ ಕಿರುಚಿದ.

"ಲೇ, ಇದು ಹರಿದಿದ್ದಲ್ಲ, ಬ್ಲೇಡಲ್ಲಿ ಕೊಯ್ದಿರೋದು! ಯಾವನೋ ಕೊಯ್ದೋನು?"

"ನಾನೇ ಅಣ್ಣಾ," ಎಂದ ಮೆಕ್ಯಾನಿಕ್, ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟ.