ಬೀರುವಿನಲ್ಲಿದ್ದ ಶ್ರವಣಯಂತ್ರ

ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಹುಟ್ಟಿನಿಂದಲೇ ನನಗೆ ಕಿವಿ ಮಂದ. ಎಂಟನೇ ಕ್ಲಾಸಿನಲ್ಲಿ ಸರ್ಕಾರದಿಂದ ನನ್ನ ಹೆಸರಿಗೇ ಒಂದು ಶ್ರವಣಯಂತ್ರ ಬಂತು. ಹೆಡ್‌ಮಾಸ್ಟರು ಅದನ್ನು ತಮ್ಮ ಕಬ್ಬಿಣದ ಬೀರುವಿನಲ್ಲಿ, ನುಸಿಗುಳಿಗೆಗಳ ನಡುವೆ ಇಟ್ಟು ಬೀಗ ಹಾಕಿದರು. ಮಳೆಗಾಲ ಮುಗಿದು ಕಾಫಿ ಕುಯ್ಲು ಶುರುವಾದರೂ ಅದು ಹೊರಗೆ ಬರಲಿಲ್ಲ.

ಒಂದು ಮಧ್ಯಾಹ್ನ ಚಿಕ್ಕಮಗಳೂರಿನಿಂದ ತಪಾಸಣೆಗೆ ಸಾಹೇಬರ ಜೀಪು ಬಂತು. ಹೆಡ್‌ಮಾಸ್ಟರು ಓಡೋಡಿ ಬಂದು ಯಂತ್ರವನ್ನು ನನ್ನ ಕುತ್ತಿಗೆಗೆ ನೇತುಹಾಕಿ, ವೈರಿನ ತುದಿಯನ್ನು ಕಿವಿಗೆ ತುರುಕಿದರು. ಗೆಳತಿಯರ ಪಿಸುಮಾತು, ಬೆಂಚಿನ ಕಿರುಗುಟ್ಟುವಿಕೆ ಎಲ್ಲ ಒಟ್ಟಿಗೆ ನುಗ್ಗಿದವು. ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ಸದ್ದು ಮಾಡುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು.

"ದಿನಾ ಇದನ್ನ ಹಾಕ್ಕೊಂಡೇ ಪಾಠ ಕೇಳ್ತಾಳೆ ಸಾರ್," ಎಂದರು ಹೆಡ್‌ಮಾಸ್ಟರು. ಸಾಹೇಬರು ನನ್ನ ತಲೆ ಸವರಿದರು. ನಾನು ಪೆದ್ದಿಯಂತೆ ಹಲ್ಲುಕಿರಿದೆ.

ಜೀಪು ತಿರುವು ದಾಟುವ ಮೊದಲೇ ಹೆಡ್‌ಮಾಸ್ಟರು ಕೈ ಚಾಚಿದರು.

"ಇನ್ನೊಂದು ಪೀರಿಯಡ್ ಇರ್ಲಿ ಸಾರ್," ಎಂದೆ.

"ನೀನು ಹಾಳು ಮಾಡಿದ್ರೆ ಮುಂದಿನ ವರ್ಷ ಅವ್ರಿಗೆ ಏನು ತೋರಿಸ್ಲಿ ಮಾರಾಯ್ತಿ?"

ಆ ಯಂತ್ರದಲ್ಲಿ ನಾನು ಕೇಳಿದ ಕೊನೆಯ ಮಾತು ಅದೇ. ಬೀರುವಿನಲ್ಲಿ ಬೀಗದ ಕೈ ತಿರುಗಿದ್ದನ್ನು ನೋಡಿದೆ. ಸದ್ದು ಕೇಳಲಿಲ್ಲ.