ಎತ್ತಿದ ಕೈ

ದೊರೈರಾಜ್ ತೀರಿಕೊಂಡ ಸುದ್ದಿ ಕೋರಮಂಡಲ್ ಮೈದಾನಕ್ಕೆ ಬಂದಾಗ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. "ರೆಫ್ರಿ ಕೆಲಸದಾಗೆ ದೊರೈಯಣ್ಣ ಎತ್ತಿದ ಕೈ ಕಣ್ಲಾ. ಅಂಥೋನು ಇನ್ನು ಉಟ್ಟಲ್ಲ," ಎಂದು ಗೆರೆಯಾಚೆ ಯಾರೋ ಅಂದದ್ದು ಆಟ ನಡೆಸುತ್ತಿದ್ದ ರೆಫ್ರಿ ಕೋದಂಡಪ್ಪನ ಕಿವಿಗೆ ಬಿತ್ತು. ಹೊಟ್ಟೆ ಉರಿಯಿತು. ಸತ್ತ ಮೇಲೂ ಹೆಸರೆಲ್ಲ ಅವನಿಗೇ!

ಅಷ್ಟರಲ್ಲಿ ಆಟಗಾರನೊಬ್ಬ ಎದುರಾಳಿಯ ಮುಖದ ಮಟ್ಟಕ್ಕೆ ಬೂಟುಗಾಲು ಬೀಸಿದ. ತಗಲಲಿಲ್ಲ, ಆದರೂ ಅದು ಅಪಾಯದ ಆಟ. ಕೋದಂಡಪ್ಪ ಸೀಟಿ ಊದಿ, ಪರೋಕ್ಷ ಫ್ರೀ ಕಿಕ್ ಕೊಟ್ಟು, ಅದರ ಗುರುತಾಗಿ ಬಲಗೈ ನೆಟ್ಟಗೆ ಎತ್ತಿದ.

"ನೋಡ್ಲಾ, ದೊರೈಯಣ್ಣ ಎತ್ತಿದಂಗೇ ಐತೆ!" ಗೆರೆಯಾಚೆಯಿಂದ ಮತ್ತೆ ಅದೇ ದನಿ.

ಕೈ ಇಳಿಸಿಬಿಡಬೇಕೆನಿಸಿತು. ಆದರೆ ಒದ್ದ ಚೆಂಡನ್ನು ಇನ್ನೊಬ್ಬ ಮುಟ್ಟುವವರೆಗೆ ಇಳಿಸುವಂತಿಲ್ಲ. ಅದನ್ನು ಕಲಿಸಿದವನೂ ದೊರೈರಾಜನೇ. ಎಲ್ಲರೂ ಚೆಂಡು ನೋಡುತ್ತಿದ್ದರು. ಕೋದಂಡಪ್ಪ ತನ್ನ ಕೈಯ ತುದಿಯಾಚೆ ಆಕಾಶ ನೋಡಿದ.

"ಮುನೇಶ್ವರಾ, ನಮ್ ದೊರೈಗೆ ನೆಮ್ಮದಿ ಕೊಡಪ್ಪಾ."