ಮುಖ ಮಾಸಿದ ಬೀಗ

ಹತ್ತು ಮಂದಿ ಕೆಲಸದವರ ಹತ್ತು ಬೀಗದ ಕೈಗಳನ್ನೂ ಹಾಕಿ ನೋಡಿದ್ದಾಯಿತು. ಬೀಗ ಜಪ್ಪಯ್ಯ ಅನ್ನಲಿಲ್ಲ.

ಕೆಂಪು ಬೀಗ; ಒಳಗೆ ಇಳಿದು ಕೆಲಸ ಮಾಡುವವರು ನೀರು ನುಗ್ಗದಂತೆ ಹಾಕಿಕೊಳ್ಳುವಂಥದು, ಒಬ್ಬೊಬ್ಬರಿಗೆ ಒಂದೊಂದು. ಅದಕ್ಕೆ ಜೋತುಬಿದ್ದ ಚೀಟಿಯಲ್ಲಿ ಹಾಕಿದವನ ಹೆಸರು, ಫೋಟೋ ಇರಬೇಕಿತ್ತು. ಅಟಕಾಮ ಮರುಭೂಮಿಯ ಬಿಸಿಲಿಗೆ ಎರಡೂ ಬೆಳ್ಳಗಾಗಿ ಹೋಗಿದ್ದವು.

ಮೇಸ್ತ್ರಿ ಎವಾರಿಸ್ಟೊ ಚೋಕೆ ಆ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಸಮುದ್ರದ ನೀರನ್ನು ಬೆಟ್ಟದ ಮೇಲಿನ ತಾಮ್ರದ ಗಣಿಗೆ ಏರಿಸುವ ಪಂಪ್‌ಹೌಸ್ ಅದು. ಬೆಳಿಗ್ಗೆಯಿಂದ ಬಿರುಗಾಳಿ, ದೀಪ ಎರಡು ಸಲ ಮಿಣುಕಿತ್ತು. ಕರೆಂಟು ಹೋಗಿ ಪಂಪುಗಳು ಒಮ್ಮೆಲೇ ನಿಂತರೆ, ಏರುತ್ತಿದ್ದ ನೀರೆಲ್ಲ ತಿರುಗಿ ಬಂದು ಕೊಳವೆಗೆ ಗುದ್ದುತ್ತದೆ. ಆಗ ರಿಲೀಫ್ ವಾಲ್ವ್ ತಾನಾಗಿ ತೆರೆದು ನೀರನ್ನು ಪಕ್ಕದ ತೊಟ್ಟಿಗೆ ಬಿಡಬೇಕು. ಆ ವಾಲ್ವಿಗೆ ಹೋಗುವ ದಾರಿಯನ್ನೇ ಯಾರೋ ಮುಚ್ಚಿ ಬೀಗ ಜಡಿದಿದ್ದರು. ಪಂಪುಗಳನ್ನು ಮೆಲ್ಲಗೆ ಇಳಿಸಲು ಶುರುಮಾಡಿದ್ದರು ನಿಜ, ಆದರೆ ಅದಕ್ಕೆ ಒಂದು ತಾಸು ಬೇಕು. ಗಾಳಿ ಅಷ್ಟು ಹೊತ್ತು ಕಾಯುತ್ತದೆಯೇ?

ಕೊಳವೆ ಒಡೆದರೆ ಕೆಳಗಿನ ತಿರುವಿನಲ್ಲೇ ಒಡೆಯುವುದು. ತಿರುವಿನಡಿಯಲ್ಲಿ ಊರು.

"ಕತ್ತರಿಸಿಬಿಡಿ, ಡಾನ್ ಎವಾರಿಸ್ಟೊ," ಅಂದಳು ಫಿಟ್ಟರ್ ಯಸ್ನಾ, ಹಿರಿಯರನ್ನು ಕರೆಯುವ ಅಲ್ಲಿನ ರೀತಿಯಲ್ಲಿ. ಅವಳ ತಾಯಿಯ ಊಟದ ಅಂಗಡಿ ಅದೇ ಊರಲ್ಲಿತ್ತು. ಈ ಹೊತ್ತಿಗೆ ಅಲ್ಲಿ ಲಾರಿ ಚಾಲಕರು ಕಿಕ್ಕಿರಿದಿರುತ್ತಾರೆ.

"ಬೀಗ ಅಂದ್ರೆ ಒಬ್ಬ ಮನುಷ್ಯನ ಜೀವ ಕಣೇ. ಹಾಕ್ದೋನು ಒಪ್ಕೊಳ್ದೆ ನಾನು ಮುಟ್ಟಲ್ಲ."

ಏಳು ವರ್ಷದ ಹಿಂದೆ ಯಾರದೋ ಅವಸರಕ್ಕೆ ಹೀಗೇ ಒಂದು ಬೀಗ ಕತ್ತರಿಸಿದ್ದರಿಂದ ಎವಾರಿಸ್ಟೊನ ಜೊತೆಗಾರನೊಬ್ಬ ಒಳಗೇ ಸತ್ತಿದ್ದ. ಅಂದಿನಿಂದ ಅವನೇ ಪಟ್ಟು ಹಿಡಿದು ತಂದ ನಿಯಮ: ಹಾಕಿದವರು ಸಹಿ ಮಾಡಿದರೆ ಮಾತ್ರ ಕತ್ತರಿಸುವುದು, ಬೀಗ ತೆಗೆಯಲು ಮರೆತವರನ್ನು ಕೆಲಸದಿಂದ ಬಿಡಿಸಿ ಅಂದಿನ ಬಸ್ಸಿಗೇ ಮನೆಗೆ ಕಳಿಸುವುದು. ತೊಟ್ಟಿ ಖಾಲಿಯಿತ್ತು, ಸರಿ. ತೊಟ್ಟಿಯಿಂದ ಕೊರಕಲಿಗೆ ಇಳಿಯುವ ಉದ್ದನೆಯ ಮೋರಿಯನ್ನು ಪೂರಾ ತೆವಳಿ ನೋಡಿದವರು ಯಾರು? ರಜೆಗೆ ಮನೆಗಿಳಿದಿದ್ದ ಎದುರು ಪಾಳಿಯವರಿಗೆ ಫೋನ್ ಮಾಡಿದ. ನಮ್ಮದಲ್ಲವೇ ಅಲ್ಲ ಅಂದರು.

"ಬೀಗ ಮರೆಯೋನಿಗೆ ತಲೆ ಯಾಕೆ ಬೇಕು?" ಎಂದು ಗೊಣಗಿದ.

ಅವನ ತಲೆಯೇ ಸಿಡಿಯುತ್ತಿತ್ತು. ತನ್ನ ಹಿಂದಿನ ಪಾಳಿಯಲ್ಲಿ ಬೆಟ್ಟದ ಗಾಳಿ ಹಿಡಿಸದೆ, ಕೆಲಸದ ಮಧ್ಯೆ ಪ್ರಜ್ಞೆ ತಪ್ಪಿ ಬಿದ್ದವನು ಅವನು. ಸ್ಟ್ರೆಚರಿನ ಒಂದು ತುದಿ ಹಿಡಿದು ಇಳಿಸಿದವಳು ಯಸ್ನಾ. ಮೂರು ವಾರ ಆಸ್ಪತ್ರೆ, ಮನೆ ಅಂತ ಕಳೆದು ನಿನ್ನೆಯಷ್ಟೇ ಬಂದಿದ್ದ. ಆ ಗಲಾಟೆಯಲ್ಲಿ ಕಳೆದುಹೋದ ಹೆಲ್ಮೆಟ್ಟು, ಕೈಗವಸು, ಬೀಗ, ಟಾರ್ಚು ಎಲ್ಲವನ್ನೂ ಉಗ್ರಾಣದವರು ಹೊಸದಾಗಿ ಕೊಟ್ಟಿದ್ದರು.

ದೀಪ ಮೂರನೆಯ ಸಲ ಮಿಣುಕಿತು.

"ನಂದು," ಅಂದಳು ಯಸ್ನಾ. "ಹಳೇ ಬೀಗ. ಅದರ ಕೈ ಕಳೆದ್ಹೋಗಿದೆ. ಬರ್ಕೊಳ್ಳಿ."

ಎವಾರಿಸ್ಟೊಗೆ ಮೈ ಉರಿದುಹೋಯಿತು. ಇಷ್ಟು ಹೊತ್ತು ಬಾಯಲ್ಲಿ ಕಡುಬು ತುರುಕಿಕೊಂಡಿದ್ದೆಯಾ ಎಂದು ಎಲ್ಲರೆದುರೇ ಬೈದ. ಅವಳು ಸಹಿ ಹಾಕಿದಳು. ಬೀಗ ತುಂಡಾಯಿತು. ಇಬ್ಬರೂ ಸೇರಿ ವಾಲ್ವಿನ ದಾರಿ ತೆರೆಯುವ ಚಕ್ರ ತಿರುಗಿಸಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು.

ಕ್ಷಣ ಹೊತ್ತು ಗಾಳಿಯದೊಂದೇ ಸದ್ದು. ಆಮೇಲೆ ರಿಲೀಫ್ ವಾಲ್ವ್ ಅಬ್ಬರಿಸಿ ತೆರೆಯಿತು. ತೊಟ್ಟಿಗೆ ನೀರು ಧುಮುಕಿತು, ಕೊಳವೆ ಗಡಗಡ ನಡುಗಿತು, ನಿಂತಿತು. ಕೆಳಗಿನ ಊರಿನಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ.

ನಿಯಮವೆಂದರೆ ನಿಯಮ. ನಾಲ್ಕರ ಬಸ್ಸಿಗೆ ಯಸ್ನಾ ಚೀಲ ಕಟ್ಟಿದಳು. ಅವಳಂಥ ಕೈಚಳಕ ಈ ಬೆಟ್ಟದಲ್ಲಿ ಇನ್ನೊಬ್ಬರಿಗಿಲ್ಲ; ಎವಾರಿಸ್ಟೊಗೆ ಸಂಕಟವಾಯಿತು. ಯಾಕೆ ಹೀಗೆ ಮಾಡಿಕೊಂಡೆ ಎಂದು ಕೇಳಿದ.

"ಯಾರದೋ ಒಬ್ಬರದು ಅಂತ ಆಗ್ಲೇಬೇಕಿತ್ತಲ್ಲ," ಅಂದಳು ಅವಳು, ಹೆಲ್ಮೆಟ್ಟನ್ನು ಅವನ ಮೇಜಿನ ಮೇಲಿಡುತ್ತಾ. "ನೀವು ತಲೆನೋವಿನ ಮಾತ್ರೆ ತಗೊಳ್ಳಿ, ಡಾನ್ ಎವಾರಿಸ್ಟೊ."

ಬಸ್ಸು ಧೂಳೆಬ್ಬಿಸುತ್ತಾ ಇಳಿಜಾರಿನಲ್ಲಿ ಮರೆಯಾಯಿತು. ಅವನು ತುಂಡಾದ ಬೀಗವನ್ನು ಮೇಜಿನಿಂದ ಎತ್ತಿಕೊಂಡ. ಸೊಂಟದ ಗೊಂಚಲಿನಲ್ಲಿ ಹೊಸ ಬೀಗದ ಕೈ, ಮನೆಯ ಕೈ, ಜೊತೆಗೆ ಆಸ್ಪತ್ರೆಯಿಂದ ಬಂದಾಗಿನಿಂದ ಯಾವುದರದ್ದೆಂದು ನೆನಪಾಗದ ಇನ್ನೊಂದು ಸಣ್ಣ ಕೈ ಇತ್ತು. ಸುಮ್ಮನೆ ಹಾಕಿ ನೋಡಿದ.

ಕೈ ಸಲೀಸಾಗಿ ತಿರುಗಿತು.